ಪಾವತಿ, ಕ್ರೆಡಿಟ್ ನೋಟ್ ಆಯ್ಕೆಗಳು ಕಾಣದಿದ್ದಾಗ: ಟ್ಯಾಲಿ ಪ್ರೈಮ್ ಮತ್ತು ಜೋಹೊ ಬುಕ್ಸ್ ಹೋಲಿಕೆ

ಬಳ್ಳಾರಿಯ ಒಂದು ಜೀನ್ಸ್ ಹೊಲಿಗೆ ಘಟಕದ ಲೆಕ್ಕಪತ್ರವನ್ನು ನಾನು ನೋಡಿಕೊಳ್ಳುತ್ತೇನೆ. ಕಟಿಂಗ್ ಮತ್ತು ಹೊಲಿಗೆ ನಮ್ಮಲ್ಲಿಯೇ ನಡೆಯುತ್ತದೆ, ವಾಷಿಂಗ್ ಹೊರಗೆ. ಮಾರಾಟದ ಬಹುಪಾಲು ಉದ್ರಿ. ಹೀಗಾಗಿ ದಿನದ ನಮೂದುಗಳಲ್ಲಿ ಬಿಲ್ಲುಗಳಿಗಿಂತ ಪಾವತಿ, ಮುಂಗಡ ಮತ್ತು ವಾಪಸು ಬಂದ ಮಾಲಿನ ಲೆಕ್ಕವೇ ಹೆಚ್ಚು. ಪಾರ್ಟಿಗಳ ಬಾಕಿಯನ್ನು ಮೊಬೈಲಿನಲ್ಲಿ ನೋಡಬೇಕೆಂದು ಮಾಲೀಕರು ಬಯಸಿದ್ದರಿಂದ, ಟ್ಯಾಲಿ ಪ್ರೈಮ್‌ನಲ್ಲಿದ್ದ ಲೆಕ್ಕವನ್ನೇ ಅದರಂತೆಯೇ ಲೆಕ್ಕ ಬರೆಯುವ ಇನ್ನೊಂದು ತಂತ್ರಾಂಶವಾದ ಜೋಹೊ ಬುಕ್ಸ್‌ನಲ್ಲಿಯೂ ಮೂರು ತಿಂಗಳು ಬರೆದು ನೋಡಿದೆ. ಬೆಲೆಯನ್ನಾಗಲಿ ಅಂದಚಂದವನ್ನಾಗಲಿ ನಾನಿಲ್ಲಿ ಹೋಲಿಸುತ್ತಿಲ್ಲ. ಬೇಕಾದ ಆಯ್ಕೆ ಬೇಕಾದ ಹೊತ್ತಿಗೆ ಸಿಗದಿದ್ದಾಗ ಅದರ ಕಾರಣ ಎಲ್ಲಿ ಸಿಕ್ಕಿತು ಎಂಬುದಷ್ಟೇ ಇಲ್ಲಿನ ವಿಷಯ.

ಟ್ಯಾಲಿಯಲ್ಲಿ ಮೊದಲು ಎದುರಾದದ್ದು ಬ್ಯಾಂಕ್ ಖಾತೆಯ ಸಮಸ್ಯೆ. ವಾಷಿಂಗ್ ಘಟಕಕ್ಕೆ ಹಣ ಕೊಡಲು ಎಫ್5 ಒತ್ತಿ ಪಾವತಿ ವೋಚರ್ (ಪಾವತಿ ಬರೆಯುವ ನಮೂನೆ) ತೆರೆದರೆ, ಮೇಲಿನ ಅಕೌಂಟ್ ಸಾಲಿನ ಪಟ್ಟಿಯಲ್ಲಿ ನಗದು ಮತ್ತು ಚಾಲ್ತಿ ಖಾತೆ ಮಾತ್ರ ಇದ್ದವು. ನಾವು ನಿಜವಾಗಿ ಹಣ ತೆಗೆಯುವ ಕ್ಯಾಶ್ ಕ್ರೆಡಿಟ್ ಖಾತೆ, ಅಂದರೆ ಬ್ಯಾಂಕ್ ಕೊಟ್ಟ ಮಿತಿಯವರೆಗೆ ಸಾಲವಾಗಿ ಹಣ ತೆಗೆಯುವ ಖಾತೆ, ಇರಲಿಲ್ಲ. ಅದರ ಲೆಡ್ಜರ್ (ಖಾತೆಯ ಪುಟ) ಅಳಿಸಿಹೋಗಿದೆಯೆಂದು ಗಾಬರಿಯಾಗಿ ಹುಡುಕಿದಾಗ ಅದು ಕ್ಷೇಮವಾಗಿಯೇ ಇತ್ತು, ಆದರೆ ಸೆಕ್ಯೂರ್ಡ್ ಲೋನ್ಸ್ ಗುಂಪಿನಡಿ. ಬ್ಯಾಂಕಿನಿಂದ ಪಡೆದದ್ದು ಸಾಲವೇ ಅಲ್ಲವೇ ಎಂದು ಹಾಗೆ ಸೇರಿಸಿದವನು ನಾನೇ. ಪಾವತಿ ವೋಚರ್‌ನ ಆ ಪಟ್ಟಿಗೆ ಬರುವುದು ನಗದು, ಬ್ಯಾಂಕ್ ಅಕೌಂಟ್ಸ್ ಮತ್ತು ಬ್ಯಾಂಕ್ ಓಡಿ (ಓವರ್‌ಡ್ರಾಫ್ಟ್) ಗುಂಪುಗಳ ಲೆಡ್ಜರ್‌ಗಳು ಮಾತ್ರ. ಗುಂಪನ್ನು ಬ್ಯಾಂಕ್ ಓಡಿ ಎಂದು ತಿದ್ದಿದ ಕೂಡಲೇ ಖಾತೆ ಪಟ್ಟಿಯಲ್ಲಿ ಕಾಣಿಸಿತು. ಬ್ಯಾಂಕ್ ಓಡಿಯೂ ಸಾಲಗಳ ಅಡಿಯ ಉಪಗುಂಪೇ ಆಗಿರುವುದರಿಂದ ಆಸ್ತಿ-ಹೊಣೆ ಪಟ್ಟಿಯಲ್ಲಿ ಅದು ಸಾಲವಾಗಿಯೇ ಉಳಿಯಿತು.

ಮಾಲು ವಾಪಸು ಬಂದಾಗ ಪಾರ್ಟಿಯ ಬಾಕಿ ಇಳಿಸಲು ಬರೆಯುವ ಕ್ರೆಡಿಟ್ ನೋಟ್‌ನ ಕಥೆ ಇದಕ್ಕಿಂತ ಜಟಿಲವಾಗಿತ್ತು. ಹುಬ್ಬಳ್ಳಿಯ ಪಾರ್ಟಿಯೊಬ್ಬರು ವಾಷಿಂಗ್ ನಂತರ ಶೇಡ್ ಹೊಂದಲಿಲ್ಲವೆಂದು 48 ಪ್ಯಾಂಟ್‌ಗಳನ್ನು ವಾಪಸು ಕಳುಹಿಸಿದರು. ಒಂದಕ್ಕೆ 420 ರೂಪಾಯಿಯಂತೆ 20,160, ಅದರ ಮೇಲೆ ಶೇ 5ರ ಜಿಎಸ್‌ಟಿ 1,008, ಒಟ್ಟು 21,168 ರೂಪಾಯಿ. ವೋಚರ್ ಪಟ್ಟಿಯಲ್ಲಿ ಕ್ರೆಡಿಟ್ ನೋಟ್ ಕಾಣದಿದ್ದಾಗ, ಎಫ್10ರಲ್ಲಿ ನಿಷ್ಕ್ರಿಯ ವೋಚರ್‌ಗಳನ್ನು ತೋರಿಸುವಂತೆ ಮಾಡಿ ಅದನ್ನು ಸಕ್ರಿಯಗೊಳಿಸಿದೆ. ಆ ಬಳಿಕ ಆಲ್ಟ್ ಮತ್ತು ಎಫ್6 ಒತ್ತಿದರೆ ನೇರವಾಗಿ ತೆರೆಯುತ್ತಿತ್ತು. ನೋಟ್ ಬರೆದದ್ದಾಯಿತು, ಆದರೆ ಅದು ಯಾವ ಬಿಲ್ಲಿಗೆ ವಜಾ ಎಂದು ತಂತ್ರಾಂಶ ಕೇಳಲೇ ಇಲ್ಲ. ಆ ಪಾರ್ಟಿಯ ಲೆಡ್ಜರ್‌ನಲ್ಲಿ ಬಿಲ್ಲುವಾರು ಬಾಕಿ ಇಡುವ ಸಾಲಿಗೆ 'ನೋ' ಎಂದಿತ್ತು. ಅದನ್ನು 'ಯೆಸ್' ಮಾಡಿದರೂ ಹಳೆಯ ನಮೂದುಗಳೆಲ್ಲ 'ಆನ್ ಅಕೌಂಟ್' ಎಂದೇ, ಅಂದರೆ ಯಾವ ಬಿಲ್ಲಿಗೂ ಸೇರದೆ, ನಿಂತವು. ಒಂದೊಂದನ್ನೂ ತೆರೆದು ಬಿಲ್ ಸಂಖ್ಯೆಗೆ ಹೊಂದಿಸುವುದರಲ್ಲಿ ಒಂದು ಮಧ್ಯಾಹ್ನವೇ ಕಳೆಯಿತು.

ಇಂಥ ಹೊತ್ತಿನಲ್ಲಿ ಹಲವರು ಜರ್ನಲ್ (ಒಂದು ಖಾತೆಯ ಮೊತ್ತವನ್ನು ಇನ್ನೊಂದಕ್ಕೆ ಹೊಂದಿಸುವ ನಮೂದು) ಒಂದನ್ನು ಹಾಕಿ ಕೈತೊಳೆದುಕೊಳ್ಳುವುದನ್ನು ನೋಡಿದ್ದೇನೆ. ನಾನೂ ಹಿಂದೊಮ್ಮೆ ಮಾಡಿದ್ದೇನೆ. ಪಾರ್ಟಿಯ ಬಾಕಿ ಅದರಿಂದ ಸರಿಹೋಗುತ್ತದೆ, ತೆರಿಗೆ ಸರಿಹೋಗುವುದಿಲ್ಲ. ಜಿಎಸ್‌ಟಿ ನೋಂದಾಯಿತ ಪಾರ್ಟಿಗೆ ಕೊಟ್ಟ ಕ್ರೆಡಿಟ್ ನೋಟ್, ಮಾರಾಟದ ವಿವರ ಸಲ್ಲಿಸುವ ರಿಟರ್ನ್ ಆದ ಜಿಎಸ್‌ಟಿಆರ್-1ರ 9ಬಿ ಕೋಷ್ಟಕಕ್ಕೆ ಹೋಗಬೇಕು, ಸಾಮಾನ್ಯ ಜರ್ನಲ್ ಅಲ್ಲಿಗೆ ಹೋಗದು. ಮಾರಾಟ ನಡೆದ ಹಣಕಾಸು ವರ್ಷ ಮುಗಿದ ನಂತರದ ನವೆಂಬರ್ 30 ಅಥವಾ ವಾರ್ಷಿಕ ರಿಟರ್ನ್ ಸಲ್ಲಿಸಿದ ದಿನ, ಇವೆರಡರಲ್ಲಿ ಮೊದಲು ಬರುವುದರೊಳಗೆ ನೋಟನ್ನು ರಿಟರ್ನ್‌ನಲ್ಲಿ ತೋರಿಸದಿದ್ದರೆ, ಕಟ್ಟಿದ ತೆರಿಗೆಯನ್ನು ಇಳಿಸಿಕೊಳ್ಳುವ ಅವಕಾಶ ಕೈತಪ್ಪುತ್ತದೆ.

ಟ್ಯಾಲಿಯ ಇನ್ನೊಂದು ತೊಡಕು ಸಣ್ಣದು. ಎರಡನೆಯ ಕಂಪ್ಯೂಟರಿನಲ್ಲಿ 18ನೇ ತಾರೀಕಿನ ಪಾವತಿಯನ್ನು ಬರೆಯಲು ಆಗಲೇ ಇಲ್ಲ. ನಮ್ಮದು ಒಂದೇ ಕಂಪ್ಯೂಟರಿನ ಲೈಸೆನ್ಸ್ ಆದ್ದರಿಂದ ಅಲ್ಲಿ ಅದು ಶೈಕ್ಷಣಿಕ ಕ್ರಮದಲ್ಲಿ ತೆರೆದಿತ್ತು, ಆ ಕ್ರಮದಲ್ಲಿ 1, 2 ಮತ್ತು 31ನೇ ತಾರೀಕುಗಳಿಗೆ ಮಾತ್ರ ನಮೂದು ಸಾಧ್ಯ.

ಜೋಹೊ ಬುಕ್ಸ್‌ನಲ್ಲಿ ಗುಂಪುಗಳ ಈ ಗೊಂದಲ ನನಗೆ ಎದುರಾಗಲಿಲ್ಲ. ಅಲ್ಲಿ ಆಯ್ಕೆ ಮರೆಯಾಗುವುದು ದಾಖಲೆಯ ಸ್ಥಿತಿಯಿಂದ ಇಲ್ಲವೇ ಬಳಸುವವರ ಅಧಿಕಾರದಿಂದ. ಅದೇ 21,168 ರೂಪಾಯಿಯ ಕ್ರೆಡಿಟ್ ನೋಟನ್ನು ಅಲ್ಲಿಯೂ ಬರೆದೆ. ಬಿಲ್ ತೆರೆದರೆ ಹೊಂದಿಸಲು ಯಾವ ಜಮೆಯೂ ಕಾಣಲಿಲ್ಲ. ನಾನು ನೋಟನ್ನು ಡ್ರಾಫ್ಟ್ ಆಗಿ ಉಳಿಸಿದ್ದೆ. ಓಪನ್ ಸ್ಥಿತಿಗೆ ತಂದಾಗ ಅದೇ ಗ್ರಾಹಕರ ಬಾಕಿ ಬಿಲ್ಲಿನಲ್ಲಿ ಜಮೆ ಲಭ್ಯವಿದೆಯೆಂಬ ಸೂಚನೆ ಬಂತು, ಎರಡು ಕ್ಲಿಕ್ಕಿನಲ್ಲಿ ಹೊಂದಾಣಿಕೆ ಮುಗಿಯಿತು. ಪಾರ್ಟಿ ಹೆಚ್ಚಾಗಿ ಕೊಟ್ಟ ಹಣವನ್ನೂ ಅದು ಬಳಸದ ಜಮೆಯಾಗಿ ತಾನೇ ಎತ್ತಿಡುತ್ತದೆ. ಈ ಒಂದು ಕೆಲಸದಲ್ಲಿ ಅದು ಟ್ಯಾಲಿಗಿಂತ ನಿಸ್ಸಂದೇಹವಾಗಿ ಮೇಲು. ಪೂರ್ತಿ ಹಣ ಬಂದುಹೋದ ಬಿಲ್ಲಿಗೆ ಮಾತ್ರ ಜಮೆ ಸೇರುವುದಿಲ್ಲ. ಅದನ್ನು ಮುಂದಿನ ಬಿಲ್ಲಿಗೆ ಹಾಕಬೇಕು ಅಥವಾ ಹಣ ಮರಳಿಸಬೇಕು, ಅದು ನ್ಯಾಯವೂ ಹೌದು.

ಅಧಿಕಾರದ ವಿಷಯದಲ್ಲಿ ನನ್ನ ಅನುಭವ ಅಷ್ಟು ಹಿತವಾಗಿರಲಿಲ್ಲ. ಅಡ್ಮಿನ್ ಹಕ್ಕನ್ನು ಮಾಲೀಕರು ತಮ್ಮ ಹೆಸರಿನಲ್ಲೇ ಇಟ್ಟುಕೊಂಡು, ನನಗೆ ಮಾಡಿಕೊಟ್ಟ ಪಾತ್ರದಲ್ಲಿ ಗ್ರಾಹಕರ ಪಾವತಿಗಳ ಎದುರು 'ನೋಡು' ಎಂಬುದಕ್ಕಷ್ಟೇ ಗುರುತು ಹಾಕಿದ್ದರು. ಹೊಸ ಪಾವತಿ ಬರೆಯುವ ಗುಂಡಿ ನನ್ನ ಪರದೆಯಲ್ಲಿ ಇರಲೇ ಇಲ್ಲ. ಬಟ್ಟೆ ಖರೀದಿಗೆ ಹೋಗಿದ್ದ ಅವರು ಫೋನ್ ಎತ್ತುವಷ್ಟರಲ್ಲಿ ಸಂಜೆಯಾಗಿತ್ತು. ಒಂದು ನಿಮಿಷದ ಪರಿಹಾರಕ್ಕೆ ಅರ್ಧ ದಿನ ಕಾದಂತಾಯಿತು. ಮಾರ್ಚ್ 31ರವರೆಗಿನ ವಹಿವಾಟಿಗೆ ಬೀಗ ಹಾಕಿಸಿದ್ದರಿಂದ ಮಾರ್ಚ್ 30ರ ಒಂದು ಪಾವತಿಯೂ ಇದೇ ರೀತಿ ನಿಂತಿತು. ಆದರೆ ಆಗ ಬೀಗ ಇರುವ ಸಂಗತಿಯನ್ನು ಪರದೆಯೇ ಹೇಳಿತು. ಬೇಕಾದ ದಿನಾಂಕಗಳಿಗಷ್ಟೇ ಬೀಗ ತೆರೆಯುವ ಸೌಲಭ್ಯವೂ ಅಲ್ಲಿದೆ.

ಒಟ್ಟಾರೆ ನೋಡಿದರೆ ಟ್ಯಾಲಿಯಲ್ಲಿ ಕಾರಣ ಹುಡುಕುವುದು ಕಷ್ಟ, ಆದರೆ ಸಿಕ್ಕ ಮೇಲೆ ತಿದ್ದುವುದು ನನ್ನ ಕೈಯಲ್ಲೇ ಇರುತ್ತದೆ. ಜೋಹೊದಲ್ಲಿ ಕಾರಣ ಬೇಗ ತಿಳಿಯುತ್ತದೆ, ತಿದ್ದುವ ಹಕ್ಕು ನಮ್ಮ ಘಟಕದ ಮಟ್ಟಿಗೆ ಬೇರೆಯವರ ಜೇಬಿನಲ್ಲಿತ್ತು. ಮಾಲೀಕರೇ ಲೆಕ್ಕ ಬರೆಯುವ ಅಂಗಡಿಯಾಗಿದ್ದರೆ ನಾನು ಜೋಹೊವನ್ನೇ ಹೇಳುತ್ತಿದ್ದೆ. ಅಡ್ಮಿನ್ ಹಕ್ಕನ್ನು ನನಗೂ ಕೊಡಿ ಎಂದು ಕೇಳಿದ್ದಕ್ಕೆ ಅವರು ನಕ್ಕು ಸುಮ್ಮನಾದರು. ನಾಲ್ಕನೆಯ ತಿಂಗಳಿಂದ ಲೆಕ್ಕವನ್ನು ಟ್ಯಾಲಿಯಲ್ಲಿ ಮಾತ್ರ ಬರೆಯುತ್ತಿದ್ದೇನೆ. ಸಂಜೆ ಆರಕ್ಕೆ ಬಿಲ್ಲುವಾರು ಬಾಕಿಯ ಪಟ್ಟಿಯನ್ನು ಪಿಡಿಎಫ್ ಮಾಡಿ ಅವರ ವಾಟ್ಸ್ಆ್ಯಪ್‌ಗೆ ಕಳುಹಿಸುತ್ತೇನೆ.