ನಮ್ಮ ಫೋರ್ ಬೈ ಫೋರ್ ಮೋಟಾರ್‌ಹೋಮ್: ಮೂರೂವರೆ ವರ್ಷ, 41,000 ಕಿಲೋಮೀಟರ್ ಆದ ಮೇಲೆ

ನಮ್ಮ ಮನೆ ಪುಣೆಯ ವಾಕಡ್‌ನಲ್ಲಿ, ಊರು ಅಣ್ಣಿಗೇರಿ ಹತ್ತಿರ. ಮೂರೂವರೆ ವರ್ಷದ ಹಿಂದೆ ಒಂದು ಫೋರ್ ಬೈ ಫೋರ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಸಿಗುವ) ಪಿಕಪ್ ತಗೊಂಡು, ಅದರ ಹಿಂದೆ ಹಾಸಿಗೆ, ಅಡುಗೆಕಟ್ಟೆ, ಟಾಯ್ಲೆಟ್ ಇರುವ ಪುಟ್ಟ ಮನೆ ಕಟ್ಟಿಸಿದೆವು. ಕೊಂಕಣ, ಗೋವಾ, ದಾಂಡೇಲಿ, ಊರು ಎಲ್ಲಾ ಕಡೆ ಸುತ್ತಿದ್ದೇವೆ. ಕಚ್ಚಾ ರಸ್ತೆಗೂ ಇಳಿಯುವ ಇಂಥ ಓವರ್‌ಲ್ಯಾಂಡ್ ಗಾಡಿ ಬೇಕಾ, ಟ್ರಾವೆಲರ್ ವ್ಯಾನಿನೊಳಗೇ ಮನೆ ಮಾಡಿದ ಕ್ಯಾಂಪರ್ ಸಾಕಾ ಅಂತ ಗೆಳೆಯರು ಕೇಳುತ್ತಲೇ ಇರುತ್ತಾರೆ. ಅವರಿಗೆಂದೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಮಳೆಗಾಲದ ಮಾತು. ತಾಮ್ಹಿಣಿ ಘಾಟಿನ ಹತ್ತಿರ ಒಂದು ಹೋಂಸ್ಟೇ ಅಂಗಳದಲ್ಲಿ ಗಾಡಿ ನಿಲ್ಲಿಸಿ ಮಲಗಿದ್ದೆವು. ರಾತ್ರಿ ಎರಡು ಗಂಟೆಗೆ ದಿಂಬಿನ ಮೇಲೆ ಟಪ್ ಅಂತ ಒಂದು ಹನಿ. ಟಾರ್ಚ್ ಹಾಕಿ ನೋಡಿದರೆ ಮೂಲೆಯ ಸೀಲೆಂಟ್ (ಸಂದಿ ಮುಚ್ಚುವ ಅಂಟು) ಉಗುರು ತೂರುವಷ್ಟು ಬಾಯಿ ಬಿಟ್ಟಿತ್ತು. ಬೆಳಿಗ್ಗೆ ಒಳಗಿನ ಹಲಗೆ ಒತ್ತಿದೆ, ಬೆರಳು ಒಳಗೆ ಹೋಯಿತು. ಪ್ಲೈವುಡ್ ಕಪ್ಪಾಗಿ ಬೂಸ್ಟು ಹಿಡಿದಿತ್ತು. ಹೊಟ್ಟೆ ಉರಿಯಿತು.

ತಪ್ಪು ಸೀಲೆಂಟಿನದ್ದಲ್ಲ. ಒಂದು ಚಕ್ರ ಗುಂಡಿಗೆ ಇಳಿದಾಗ ಪಿಕಪ್ಪಿನ ಚಾಸಿ, ಅಂದರೆ ಕೆಳಗಿನ ಉಕ್ಕಿನ ಚೌಕಟ್ಟು, ತಿರುಚಿಕೊಳ್ಳುತ್ತದೆ. ಅದು ಹಾಗೆ ತಿರುಚಿಕೊಳ್ಳಬೇಕು ಕೂಡ. ಆದರೆ ಮೇಲಿನ ಮನೆ ಗಟ್ಟಿ ಪೆಟ್ಟಿಗೆ, ತಿರುಚಿಕೊಳ್ಳೋದಿಲ್ಲ. ಕಟ್ಟಿದವರು ಎರಡನ್ನೂ ನೇರವಾಗಿ ಬೋಲ್ಟ್ ಹಾಕಿ ಬಿಗಿದಿದ್ದರು. ಹಾಗಾಗಿ ಎಲ್ಲ ಎಳೆತ ಮೂಲೆಗಳ ಮೇಲೆ ಬಿತ್ತು. ದೊಡ್ಡ ಎಕ್ಸ್‌ಪೆಡಿಷನ್ ಟ್ರಕ್ಕುಗಳಲ್ಲಿ ನಡುವೆ ಇನ್ನೊಂದು ಫ್ರೇಮ್ ಇರುತ್ತದೆ. ಅದು ಸ್ಪ್ರಿಂಗ್ ಮೇಲೋ ಕೀಲಿನ ಮೇಲೋ ಕೂತಿರುವುದರಿಂದ ಕೆಳಗಿನ ತಿರುಚು ಮೇಲೆ ಬರೋದಿಲ್ಲ. ಭೋಸರಿಯ ಒಬ್ಬ ಫ್ಯಾಬ್ರಿಕೇಟರ್ ಹತ್ತಿರ ನಾವೂ ಹಾಗೇ ಮಾಡಿಸಿದೆವು. ಆಮೇಲೆ ಎರಡು ಮಳೆಗಾಲ ಕಳೆದಿವೆ, ಒಂದು ಹನಿ ಒಳಗೆ ಬಿದ್ದಿಲ್ಲ. ನೀವು ಕಟ್ಟಿಸುವುದಾದರೆ ಸೋಫಾ ಬಣ್ಣ ಆಮೇಲೆ ನೋಡಿ. "ಪೆಟ್ಟಿಗೆಯನ್ನು ಚಾಸಿ ಮೇಲೆ ಹೇಗೆ ಕೂರಿಸುತ್ತೀರಿ?" ಅನ್ನೋದನ್ನು ಮೊದಲು ಕೇಳಿ.

ಇನ್ನು ಫೋರ್ ಬೈ ಫೋರ್. ಇಷ್ಟು ದಿನದಲ್ಲಿ ಅದು ನಿಜವಾಗಿ ಬೇಕಾಗಿದ್ದು ನಾಲ್ಕು ಸಲ. ಮೂರು ಸಲ ಕಾಪಾಡಿತು. ನಾಲ್ಕನೇ ಸಲ ನಮ್ಮೂರ ಹೊಲದಲ್ಲೇ ಸಿಕ್ಕಿಕೊಂಡೆವು. ಹಿಂದಿನ ರಾತ್ರಿ ಮಳೆ ಬಿದ್ದಿತ್ತು. ಎರೆಮಣ್ಣು ಟೈರಿನ ಸಂದಿಗಳಲ್ಲಿ ತುಂಬಿಕೊಂಡು ಟೈರು ಉಂಡೆಯ ಹಾಗೆ ನುಣ್ಣಗಾಯಿತು. ನಾಲ್ಕೂ ಚಕ್ರ ತಿರುಗುತ್ತವೆ, ಗಾಡಿ ಕದಲೋದಿಲ್ಲ. ಕಾಕಾ ಟ್ರ್ಯಾಕ್ಟರ್ ತಂದು ಎಳೆದರು. "ಎರಿ ಹೊಲ ಹಸಿ ಇದ್ದಾಗ ನಾವು ಬಂಡೀನೂ ಇಳಸೂದಿಲ್ಲಪಾ" ಅಂದರು. ಕೊಂಕಣದ ಜಂಬಿಟ್ಟಿಗೆ ನೆಲ, ಘಾಟಿನ ಕಚ್ಚಾ ರಸ್ತೆ ಇಷ್ಟೇ ನಿಮ್ಮ ಓಡಾಟ ಅಂದರೆ, ಗಾಡಿ ಸ್ವಲ್ಪ ಎತ್ತರ ಇದ್ದು ಟೈರು ಚೆನ್ನಾಗಿದ್ದರೆ ಸಾಕು.

ಡೀಸೆಲ್ ಖರ್ಚು ಜಾಸ್ತಿ. ಖಾಲಿ ಪಿಕಪ್ ಲೀಟರಿಗೆ 12 ಕಿಲೋಮೀಟರ್ ಕೊಡುತ್ತಿತ್ತು, ಈಗ 9. ಪುಣೆಯಿಂದ ಬೆಳಗಾವಿ, ಚೋರ್ಲಾ ಘಾಟಿನ ಮೇಲೆ ಪಣಜಿಗೆ ಸುಮಾರು 450 ಕಿಲೋಮೀಟರ್, ಅಂದರೆ ಹೋಗೋಕೇ 50 ಲೀಟರ್.

ಕರೆಂಟಿನ ಲೆಕ್ಕ ಮೊದಲೇ ಮಾಡಿಕೊಳ್ಳಿ. ನಮ್ಮದು 12 ವೋಲ್ಟಿನ 200 ಆಂಪ್-ಅವರ್ ಲಿಥಿಯಂ ಬ್ಯಾಟರಿ. ಅದರಲ್ಲಿ ಸುಮಾರು ಎರಡೂವರೆ ಯೂನಿಟ್ ಇರುತ್ತದೆ. ಫ್ರಿಜ್, ಫ್ಯಾನು, ಲೈಟಿಗೆ ಆರಾಮ. ಏಸಿ ಹಾಕಿದರೆ ಎರಡೇ ಗಂಟೆಯಲ್ಲಿ ಮುಗಿಯಿತು. ಮೇ ತಿಂಗಳ ಗೋವಾದಲ್ಲಿ ಒಂದು ರಾತ್ರಿ ಬೆವರಿ ಬೆವರಿ ಮಗಳು ನಿದ್ದೆಯೇ ಮಾಡಲಿಲ್ಲ. ಈಗ ಕರಾವಳಿಗೆ ನವೆಂಬರ್‌ನಿಂದ ಫೆಬ್ರವರಿ ಒಳಗೆ ಮಾತ್ರ ಹೋಗುತ್ತೇವೆ. ಗೋವಾದಲ್ಲಿ ಬೀಚಿನ ಮೇಲೆ ಗಾಡಿ ಓಡಿಸುವ ಹಾಗಿಲ್ಲ, ಬಯಲಲ್ಲಿ ಒಲೆ ಹಚ್ಚಿದರೂ ದಂಡ. ಸಮುದ್ರದ ಎದುರು ಚಹಾ ಕಾಯಿಸುವ ಫೋಟೊ ನೋಡಿ ಗಾಡಿ ತಗೊಳ್ಳಬೇಡಿ.

ಕಾಗದಪತ್ರದ ವಿಷಯ ಹಗುರ ಮಾಡಬೇಡಿ. ಗಾಡಿ ಬದಲಾಯಿಸಿದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿ (ನೋಂದಣಿ ಪತ್ರದಲ್ಲಿ) ಅದು ದಾಖಲಾಗಬೇಕು. ಇಲ್ಲದಿದ್ದರೆ ನಾಳೆ ಅಪಘಾತವಾದಾಗ ವಿಮೆಗೆ ತಕರಾರು ಬರುತ್ತದೆ. ಲೈಸೆನ್ಸ್ ಮಾತ್ರ ತೊಂದರೆಯಿಲ್ಲ, 7,500 ಕಿಲೋ ಒಳಗಿನ ಗಾಡಿಗೆ ಕಾರಿನ ಲೈಸೆನ್ಸೇ ನಡೆಯುತ್ತದೆ. ನಮ್ಮ ಸೊಸೈಟಿಯ ಕಟ್ಟಡದ ಕೆಳಗಿನ ಸ್ಟಿಲ್ಟ್ ಪಾರ್ಕಿಂಗಿನಲ್ಲಿ ಗಾಡಿ ಹಿಡಿಸೋದಿಲ್ಲ. ಹೊರಗೆ ಜಾಗ ಬಾಡಿಗೆಗೆ ಹಿಡಿದಿದ್ದೇವೆ.

ಇಷ್ಟೆಲ್ಲ ಇದ್ದೂ ಮಾರಿಲ್ಲ. ಯಾಕೆಂದರೆ ಅವ್ವ. ಹತ್ತು ವರ್ಷದಿಂದ ಅವಳು ದೂರದ ಊರಿಗೆ ಬರುತ್ತಿರಲಿಲ್ಲ. "ಹಾದ್ಯಾಗ ಹೋಗಾಕ ಜಾಗಾನ ಇರೂದಿಲ್ಲ, ನೀವ ಹೋಗಿ ಬರ್ರಿ" ಅಂತಿದ್ದಳು. ಮಂಡಿ ನೋವು, ಸಕ್ಕರೆ ಕಾಯಿಲೆ, ಪದೇ ಪದೇ ಬಾತ್‌ರೂಮಿಗೆ ಹೋಗಬೇಕು. ಈಗ ಗಾಡಿಯಲ್ಲೇ ಕೂರುವ ಟಾಯ್ಲೆಟ್ ಇದೆ, ಸ್ವಚ್ಛ, ಬಾಗಿಲು ಹಾಕಿಕೊಳ್ಳಬಹುದು. ಅದರ ಕೆಳಗಿನ ಡಬ್ಬಿಯನ್ನು ಎರಡು ದಿನಕ್ಕೊಮ್ಮೆ ನಾನೇ ಖಾಲಿ ಮಾಡಬೇಕು. ಅದಕ್ಕೆಂದೇ ಮಾಡಿದ ಜಾಗ ನಮ್ಮ ಕಡೆ ದಾರಿಯಲ್ಲಿ ಸಿಗೋದಿಲ್ಲ. ಪೆಟ್ರೋಲ್ ಬಂಕಿನವರನ್ನು ಕೇಳಿ, ಅವರ ಟಾಯ್ಲೆಟ್‌ನಲ್ಲಿ ಸುರಿದು, ತೊಳೆದು ಬರುತ್ತೇನೆ. ನನಗೆ ಅದು ಕಷ್ಟ ಅನಿಸಿಲ್ಲ.

ಕಷ್ಟ ಇರೋದು ಹತ್ತೋದರಲ್ಲಿ. ಗಾಡಿ ಎತ್ತರ ಇರುವುದರಿಂದಲೇ ಕಚ್ಚಾ ರಸ್ತೆಯಲ್ಲಿ ಹೋಗುತ್ತದೆ, ಅದೇ ಎತ್ತರ ಅವ್ವನ ಮಂಡಿಗೆ ಆಗೋದಿಲ್ಲ. ನೆಲದಿಂದ ಬಾಗಿಲಿಗೆ ಮೂರು ಅಡಿ. ಕಂಪನಿ ಕೊಟ್ಟ ಏಣಿಯಲ್ಲಿ ಅವಳ ಕಾಲು ನಡುಗುತ್ತಿತ್ತು. ಮಡಚುವ ಅಗಲ ಮೆಟ್ಟಿಲು ಮಾಡಿಸಿ, ಎರಡೂ ಕಡೆ ಸ್ಟೀಲಿನ ಹಿಡಿಕೆ ಹಾಕಿಸಿದೆ. ವಯಸ್ಸಾದವರು ಬರುವುದಾದರೆ ಟ್ರಾವೆಲರ್ ಕ್ಯಾಂಪರೇ ವಾಸಿ, ನೆಲ ತಗ್ಗಿಗಿದೆ, ಒಳಗೆ ನಿಂತು ಓಡಾಡಬಹುದು. ಇದು ನನಗೆ ಮೊದಲೇ ಗೊತ್ತಿದ್ದರೆ ಅದನ್ನೇ ತಗೊಳ್ಳುತ್ತಿದ್ದೆ.

ಅವ್ವ ಡಿಸೆಂಬರಿಗೆ ಗೋಕರ್ಣ ಅಂತಿದ್ದಾಳೆ. ಅಷ್ಟರೊಳಗೆ ಮೆಟ್ಟಿಲಿಗೆ ರಬ್ಬರ್ ಹಾಕಿಸಬೇಕು, ಬೆಳಗಿನ ಇಬ್ಬನಿಗೆ ಜಾರುತ್ತದೆ.