ಹಿಂಬಾಗಿಲಿನ ಬೆಕ್ಕಿನ ಕಿಂಡಿ: ಎರಡು ಮಳೆಗಾಲ ಕಳೆದ ಬಳಿಕ

ಮಂಗಳೂರಿನ ಕುಲಶೇಖರದಲ್ಲಿರುವ ನಮ್ಮ ಮನೆಯ ಅಡುಗೆಕೋಣೆಯ ಹಿಂಬಾಗಿಲಿಗೆ ಬೆಕ್ಕುಗಳು ಓಡಾಡುವ ಕಿಂಡಿಯೊಂದನ್ನು ಕೂರಿಸಿ ಎರಡು ಮಳೆಗಾಲಗಳು ಕಳೆದಿವೆ. ಕೊಂಡ ವಾರದಲ್ಲೇ ಅಭಿಪ್ರಾಯ ಬರೆಯಬಹುದಿತ್ತು. ಆದರೆ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ದಾಟಿ ಮಳೆ ಸುರಿಯುವ ಊರಿನಲ್ಲಿ ಬಾಗಿಲಿಗೆ ಹಾಕಿದ ಯಾವುದೇ ವಸ್ತುವಿನ ಯೋಗ್ಯತೆ ತಿಳಿಯುವುದು ತುಳುವರ ಆಟಿ ತಿಂಗಳು (ಜುಲೈ-ಆಗಸ್ಟ್) ದಾಟಿದ ಮೇಲೆಯೇ ಎಂದು ಕಾದೆ. ಈಗ ಧೈರ್ಯವಾಗಿ ಹೇಳಬಲ್ಲೆ: ಕಿಂಡಿ ಕೊಂಡದ್ದಕ್ಕೆ ನಮಗೆ ಪಶ್ಚಾತ್ತಾಪವಿಲ್ಲ, ಆದರೆ ಅದರ ಜೊತೆ ಬರುವ ಸ್ಕ್ರೂ, ಅಳತೆಯ ಕಾಗದ ಮತ್ತು ಸೂಚನೆಗಳನ್ನು ನಂಬಿ ನೇರವಾಗಿ ಬಾಗಿಲಿಗೆ ಗರಗಸ ಇಡುವವರು ಬಾಗಿಲನ್ನೇ ಹಾಳು ಮಾಡಿಕೊಳ್ಳುವ ಸಂಭವವಿದೆ.

ಹೆಂಚಿನ ಮಾಡಿನ ಮನೆಗಳಲ್ಲಿ ಈ ಪ್ರಶ್ನೆಯೇ ಇರಲಿಲ್ಲ. 1865ರಲ್ಲಿ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ತೆರೆದ ಊರು ನಮ್ಮದು. ನನ್ನ ಅಜ್ಜಿಯ ಮನೆಯಲ್ಲಿ ಗೋಡೆಯ ತಲೆಗೂ ಮಾಡಿನ ಮರದ ಪಕ್ಕಾಸಿಗೂ ನಡುವೆ ಉಳಿಯುತ್ತಿದ್ದ ಸಂದಿಯೇ ಬೆಕ್ಕಿನ ಹೆದ್ದಾರಿಯಾಗಿತ್ತು. ರಾತ್ರಿ ಯಾವ ಹೊತ್ತಿಗೆ ಬಂತು, ಯಾವ ಹೊತ್ತಿಗೆ ಹೋಯಿತು ಎಂದು ಯಾರೂ ಕೇಳುತ್ತಿರಲಿಲ್ಲ. ತಾರಸಿ ಮನೆಗೆ ಬಂದ ಮೇಲೆ, ಕಿಟಕಿಗಳಿಗೆಲ್ಲ ಸೊಳ್ಳೆಬಲೆ ಹೊಡೆಸಿದ ಮೇಲೆ, ನಮ್ಮ ಎರಡು ಬೆಕ್ಕುಗಳಿಗೆ ಬಾಗಿಲು ತೆಗೆಯುವುದೇ ಮನೆಯವರ ಕೆಲಸವಾಯಿತು. ಬೆಳಗಿನ ಜಾವ ನಾಲ್ಕೂವರೆಗೆ ಕರಿಯ ಬಾಗಿಲು ಕೆರೆಯುತ್ತಿದ್ದ. ಅವನನ್ನು ಹೊರಗೆ ಬಿಟ್ಟು ಮಲಗಿದರೆ ಐದಕ್ಕೆ ಪುಟ್ಟಿ ಹೊರಗಿನಿಂದ ಕರೆಯುತ್ತಿದ್ದಳು. ಅಮ್ಮನ ಮೊಣಕಾಲು ನೋವು ಹೆಚ್ಚಾದ ವರ್ಷ ಇದಕ್ಕೊಂದು ದಾರಿ ಮಾಡಲೇಬೇಕೆಂದು ನಿಶ್ಚಯಿಸಿದೆವು.

ನಾವು ಆರಿಸಿದ್ದು ವಿದ್ಯುತ್ ಬೇಡದ, ನಾಲ್ಕು ವಿಧದ ಬೀಗವಿರುವ ಸಾಮಾನ್ಯ ಮಾದರಿ. ಒಳಗೂ ಹೊರಗೂ ಹೋಗುವಂತೆ, ಒಳಗೆ ಬರಲು ಮಾತ್ರ, ಹೊರಗೆ ಹೋಗಲು ಮಾತ್ರ, ಪೂರ್ತಿ ಬಂದ್ ಎಂದು ಒಂದು ತಿರುಗಣೆಯಿಂದ ಬದಲಿಸಬಹುದು. ಪಾರದರ್ಶಕ ಪ್ಲಾಸ್ಟಿಕ್ಕಿನ ತೂಗುರೆಕ್ಕೆ, ಅದರ ಕೆಳತುದಿಯಲ್ಲಿ ಒಂದು ಅಯಸ್ಕಾಂತ, ಸುತ್ತ ಕೂದಲಿನಂಥ ಬ್ರಷ್ ಪಟ್ಟಿ: ಇಷ್ಟೇ ಅದರ ರಚನೆ. ಆನ್‌ಲೈನಿನಲ್ಲಿ 2,450 ರೂಪಾಯಿ ಕೊಟ್ಟೆವು. ಇದೇ ಅಚ್ಚಿನ ಕಿಂಡಿ ಹಲವು ಹೆಸರುಗಳಲ್ಲಿ ಮಾರಾಟಕ್ಕಿರುವುದರಿಂದ ಹೆಸರು ಬರೆಯುವುದರಲ್ಲಿ ಪ್ರಯೋಜನವಿಲ್ಲ. ಇದಕ್ಕಿಂತ ಮೇಲಿನ ದರ್ಜೆಯದು ಬೆಕ್ಕಿನ ಚರ್ಮದಡಿಯ ಮೈಕ್ರೋಚಿಪ್ ಓದಿ ತೆರೆದುಕೊಳ್ಳುವ ಕಿಂಡಿ. ಶ್ಯೂರ್‌ಫ್ಲಾಪ್ ಕಂಪನಿಯದು ನಾಲ್ಕು ಪೆನ್ಸಿಲ್ ಸೆಲ್‌ಗಳಿಂದ ನಡೆಯುತ್ತದೆ, 32 ಬೆಕ್ಕುಗಳವರೆಗೆ ನೆನಪಿಟ್ಟುಕೊಳ್ಳುತ್ತದೆ. ನೆರೆಮನೆಯ ಗಂಡುಬೆಕ್ಕು ನುಗ್ಗಿ ಮೀನಿನ ಪಾತ್ರೆಗೆ ಬಾಯಿ ಹಾಕುವ ಮನೆಗಳಿಗೆ ಅದೇ ಸರಿಯಾದ ಪರಿಹಾರ. ನಮ್ಮ ಬೆಕ್ಕುಗಳಿಗೆ ಚಿಪ್ ಹಾಕಿಸಿರಲಿಲ್ಲ, ಬೆಲೆಯೂ ನಮ್ಮ ಅಳತೆಯದ್ದಾಗಿರಲಿಲ್ಲ. ಕೊರಳಪಟ್ಟಿಗೆ ಅಯಸ್ಕಾಂತದ ಕೀಲಿ ಕಟ್ಟುವ ಮಾದರಿಯೂ ಇದೆ. ಆದರೆ ಮರ ಹತ್ತುವ ಬೆಕ್ಕಿನ ಕೊರಳಲ್ಲಿ ಎಳೆದರೆ ತಾನಾಗಿ ಬಿಚ್ಚಿಕೊಳ್ಳದ ಪಟ್ಟಿ ಇರುವುದು ಅಪಾಯ ಎಂಬ ಕಾರಣಕ್ಕೆ ಅದನ್ನು ಕೈಬಿಟ್ಟೆವು.

ಇನ್ನು ಬಾಗಿಲಿನ ವಿಷಯ. ನನಗೆ ಮುಖ್ಯವಾಗಿ ಹೇಳಬೇಕಾಗಿರುವುದು ಇಲ್ಲಿಯೇ ಇದೆ. ನಮ್ಮ ಹಿಂಬಾಗಿಲು ಹೆಬ್ಬಲಸಿನದು. ದಪ್ಪ ಚೌಕಟ್ಟಿನ ನಡುವೆ ತೆಳ್ಳಗಿನ ಹಲಗೆ ಕೂರಿಸಿದ ಹಳೆಯ ಮಾದರಿ. ಚೌಕಟ್ಟು 38 ಮಿಲಿಮೀಟರ್ ದಪ್ಪವಿದ್ದರೆ ನಡುವಿನ ಹಲಗೆ 18 ಮಾತ್ರ. ಕಿಂಡಿಯ ಕೆಳಅಂಚು ಬೆಕ್ಕಿನ ಹೊಟ್ಟೆಯ ಮಟ್ಟಕ್ಕೆ ಬರಬೇಕೆಂದು ಸೂಚನೆಯಲ್ಲಿತ್ತು. ಅಳೆದು ನೋಡಿದಾಗ ನೆಲದಿಂದ ಕರಿಯನ ಹೊಟ್ಟೆಗೆ 15 ಸೆಂಟಿಮೀಟರ್, ಪುಟ್ಟಿಯ ಹೊಟ್ಟೆಗೆ 12. ಆದರೆ ಬಾಗಿಲಿನ ಕೆಳಗಿನ ಅಡ್ಡಪಟ್ಟಿಯೇ 18 ಸೆಂಟಿಮೀಟರ್ ಅಗಲವಿದೆ! ಸೂಚನೆಯಂತೆ ಕೊರೆದರೆ ಆ ಪಟ್ಟಿಯ ಮೇಲ್ಭಾಗವನ್ನೇ ಕತ್ತರಿಸಬೇಕಾಗುತ್ತಿತ್ತು.

ಕೆಲಸಕ್ಕೆ ಬಂದ ಆಚಾರಿಯವರು ಪೆನ್ಸಿಲ್ ಗುರುತನ್ನು ನೋಡಿದೊಡನೆ ಅದಕ್ಕೆ ಒಪ್ಪಲಿಲ್ಲ. ಎರಡು ಬದಿಯ ನಿಲುಪಟ್ಟಿಗಳನ್ನು ಗೂಟದಿಂದ ಹಿಡಿದಿಟ್ಟಿರುವುದು ಆ ಅಡ್ಡಪಟ್ಟಿ. ಅದನ್ನು ಕತ್ತರಿಸಿದರೆ ಮೊದಲ ಮಳೆಗೇ ಬಾಗಿಲು ತಿರುಚಿಕೊಂಡು ದಾರಂದಕ್ಕೆ (ಗೋಡೆಗೆ ಕೂರಿಸಿದ ಚೌಕಟ್ಟಿಗೆ) ಸೇರದೆ ನಿಲ್ಲುತ್ತದೆ ಎಂದು ವಿವರಿಸಿದರು. ಅವರ ಮಾತಿನಂತೆ ಕಿಂಡಿಯ ಕೆಳಅಂಚನ್ನು ನೆಲದಿಂದ ಹತ್ತೊಂಬತ್ತೂವರೆ ಸೆಂಟಿಮೀಟರ್ ಎತ್ತರಕ್ಕೆ, ಪೂರ್ತಿಯಾಗಿ ತೆಳುಹಲಗೆಯ ಒಳಗೆ ಬರುವಂತೆ ಗುರುತಿಸಿದೆವು. ಎತ್ತರ ಹೆಚ್ಚಾದ ಕೊರತೆಯನ್ನು ತುಂಬಲು ಒಳಗೆ ಏಳು ಸೆಂಟಿಮೀಟರ್ ಎತ್ತರದ ಒಂದು ಸಣ್ಣ ಮಣೆ, ಹೊರಗೆ ಮೆಟ್ಟಿಲಿನ ತಗ್ಗಿಗೆ ಒಂದು ಕೆಂಪುಕಲ್ಲು ಇಟ್ಟೆವು. ಹೊರಗಿನ ನೆಲ ಒಳಗಿನದಕ್ಕಿಂತ ಒಂದು ಮೆಟ್ಟಿಲು ಕೆಳಗಿರುತ್ತದೆ ಎಂಬುದನ್ನು ಕಿಂಡಿ ಕೊಳ್ಳುವವರು ಮರೆಯುತ್ತಾರೆ. ಮುದಿ ಬೆಕ್ಕಿಗೆ ಅಥವಾ ಬಸುರಿ ಬೆಕ್ಕಿಗೆ ಆ ಹೆಚ್ಚಿನ ಎತ್ತರ ಬಹಳ ಕಷ್ಟ.

ಜೊತೆಗೆ ಬಂದ ಅಳತೆಯ ಕಾಗದವನ್ನು ಕಿಂಡಿಯ ಮೇಲೆಯೇ ಇಟ್ಟು ನೋಡಿದಾಗ ಅದು ನಾಲ್ಕು ಮಿಲಿಮೀಟರ್ ಚಿಕ್ಕದಾಗಿತ್ತು. ಆದ್ದರಿಂದ ಕಾಗದವನ್ನು ನಂಬದೆ, ಹಲಗೆಯ ತೂತಿನೊಳಗೆ ಕೂರುವ ಕಿಂಡಿಯ ಸುರಂಗದ ಭಾಗವನ್ನೇ ಹಲಗೆಗೆ ಹಿಡಿದು ಗೆರೆ ಎಳೆಯುವುದು ಕ್ಷೇಮ. ಗೆರೆಯ ಮೇಲೆ ಕಾಗದದ ಟೇಪು ಅಂಟಿಸಿ, ನಾಲ್ಕು ಮೂಲೆಗಳಲ್ಲಿ 10 ಮಿಲಿಮೀಟರಿನ ತೂತು ಕೊರೆದು, ಜಿಗ್‌ಸಾದಿಂದ ನಿಧಾನವಾಗಿ ಕತ್ತರಿಸಿದರು. ಟೇಪು ಇದ್ದುದರಿಂದ ಮರದ ಸಿಬಿರು ಏಳಲಿಲ್ಲ. ಎಡಬಲಗಳಲ್ಲಿ ಮೂರು ಮಿಲಿಮೀಟರ್ ಸಡಿಲ ಬಿಟ್ಟರು, ಮೇಲೆ ಕೆಳಗೆ ಒಂದೊಂದೇ ಸಾಕೆಂದರು. ಮರ ನೀರು ಕುಡಿದಾಗ ಉಬ್ಬುವುದು ಎಳೆಗೆ ಅಡ್ಡವಾಗಿ. ಎಳೆಯ ಉದ್ದಕ್ಕೆ ಅದು ಬೆಳೆಯುವುದು ಅತ್ಯಲ್ಪ. ನಮ್ಮ ಹಲಗೆಯ ಎಳೆ ನೆಟ್ಟಗೆ ನಿಂತಿರುವುದರಿಂದ ಒತ್ತಡ ಬದಿಗಳಿಂದಲೇ ಬರಬೇಕು. ಮುಂದಿನ ಜುಲೈಯಲ್ಲಿ ಬಾಗಿಲು ಪ್ರತಿ ವರ್ಷದಂತೆ ಬಿಗಿಯಾಗಿ ದಾರಂದಕ್ಕೆ ಉಜ್ಜತೊಡಗಿದಾಗಲೂ ಕಿಂಡಿಯ ರೆಕ್ಕೆ ಮಾತ್ರ ಒಮ್ಮೆಯೂ ಸಿಕ್ಕಿಕೊಳ್ಳಲಿಲ್ಲ. ಆ ಎರಡು ಮಿಲಿಮೀಟರಿನ ವ್ಯತ್ಯಾಸವನ್ನು ಯೋಚಿಸಿದ ಆಚಾರಿಯವರ ಬಗ್ಗೆ ನನಗೆ ಇಂದಿಗೂ ಗೌರವ ಹೆಚ್ಚು.

ಕತ್ತರಿಸಿದ ಅಂಚುಗಳನ್ನು ಹಾಗೆಯೇ ಬಿಟ್ಟು ಪ್ಲಾಸ್ಟಿಕ್ ಕೂರಿಸುವುದು ದೊಡ್ಡ ತಪ್ಪು. ಎಳೆ ಕಡಿದು ತೆರೆದುಕೊಂಡ ಬಾಯಿಯಿಂದ ಮರ ನೀರನ್ನು ಹೀರುವಷ್ಟು ಬೇರೆಲ್ಲಿಂದಲೂ ಹೀರುವುದಿಲ್ಲ. ನಾಲ್ಕು ಅಂಚುಗಳಿಗೂ ಸೀಲರ್ ಬಳಿದು, ಉಜ್ಜಿ, ಎರಡು ಕೈ ವಾರ್ನಿಶ್ ಹಚ್ಚಿ, ಒಂದು ಇಡೀ ದಿನ ಒಣಗಿಸಿದ ಮೇಲೆಯೇ ಕಿಂಡಿಯನ್ನು ಇಟ್ಟೆವು. ಹೊರಬದಿಯ ಮೇಲಂಚಿಗೂ ಎರಡು ಬದಿಗಳಿಗೂ ಸಿಲಿಕೋನ್ ಹಾಕಿ, ಕೆಳಗಿನ ಅಂಚನ್ನು ಬೇಕೆಂದೇ ತೆರೆದಿಟ್ಟೆವು. ಎಲ್ಲಿಂದಾದರೂ ಒಳಸೇರಿದ ನೀರು ಇಳಿದುಹೋಗಲು ಒಂದು ದಾರಿ ಬೇಕಷ್ಟೆ. ಈ ಕೆಲಸವನ್ನು ಏಪ್ರಿಲ್ ಅಥವಾ ಮೇ ತಿಂಗಳಲ್ಲಿ, ಮರ ಚೆನ್ನಾಗಿ ಒಣಗಿರುವಾಗ ಮಾಡಿಸುವುದೇ ಲೇಸು. 

ಹಲಗೆ ತೆಳ್ಳಗಿದ್ದುದರಿಂದ ಇನ್ನೊಂದು ತೊಡಕು ಎದುರಾಯಿತು. ಜೊತೆಗೆ ಬಂದ ಸ್ಕ್ರೂಗಳು ದಪ್ಪ ಬಾಗಿಲಿಗೆಂದು ಮಾಡಿದವು. ನಮ್ಮ ಹಲಗೆಯಲ್ಲಿ ಅವುಗಳನ್ನು ಎಷ್ಟು ಬಿಗಿದರೂ ಕಿಂಡಿ ಅಲುಗಾಡುತ್ತಿತ್ತು. ಒಳಬದಿಗೆ ತೆಳುವಾದ ಮರದ ಪಟ್ಟಿಗಳಿಂದ ಒಂದು ಚೌಕ ಕಟ್ಟಿ ದಪ್ಪವನ್ನು ಚೌಕಟ್ಟಿಗೆ ಸಮ ಮಾಡಿದ ಮೇಲೆ ಅದು ಗಟ್ಟಿಯಾಗಿ ಕುಳಿತಿತು. ಆ ಸ್ಕ್ರೂಗಳಿಗೆ ಸತುವಿನ ಲೇಪ ಮಾತ್ರವಿತ್ತು. ಕಡಲಗಾಳಿಗೆ ಎರಡೇ ತಿಂಗಳಲ್ಲಿ ತುಕ್ಕು ಹಿಡಿದು ಬಿಳಿ ಪ್ಲಾಸ್ಟಿಕ್ಕಿನ ಮೇಲೆ ಕಂದು ಗೆರೆ ಇಳಿಯಿತು. ಬಂದರಿನ ಹಾರ್ಡ್‌ವೇರ್ ಅಂಗಡಿಯಿಂದ ಸ್ಟೇನ್‌ಲೆಸ್ ಸ್ಟೀಲಿನವು ತಂದು ಬದಲಿಸಿದೆವು. ಎಪ್ಪತ್ತು ರೂಪಾಯಿಯ ಈ ಖರ್ಚನ್ನು ಮೊದಲ ದಿನವೇ ಮಾಡಬೇಕಿತ್ತು. ಆಚಾರಿಯವರ ಒಂದೂವರೆ ದಿನದ ಕೂಲಿ, ಮರದ ಪಟ್ಟಿ, ವಾರ್ನಿಶ್, ಸಿಲಿಕೋನ್ ಎಲ್ಲ ಸೇರಿ ಕಿಂಡಿಯ ಬೆಲೆಯಷ್ಟೇ ಮತ್ತೊಮ್ಮೆ ಖರ್ಚಾಯಿತು.

ಫ್ಲಶ್ ಬಾಗಿಲಿರುವ ಫ್ಲಾಟಿನವರು ಇನ್ನೂ ಎಚ್ಚರ ವಹಿಸಬೇಕು. ಅಗ್ಗದ ಫ್ಲಶ್ ಬಾಗಿಲು ಒಳಗೆ ಟೊಳ್ಳಾಗಿರುತ್ತದೆ. ಕೊರೆದ ಕೂಡಲೇ ಎರಡು ಪ್ಲೈ ಹಾಳೆಗಳ ನಡುವಿನ ಖಾಲಿ ಜಾಗ ಬಾಯಿ ತೆರೆದುಕೊಳ್ಳುತ್ತದೆ. ಅಲ್ಲಿ ನಾಲ್ಕೂ ಬದಿಗೆ ಮರದ ತುಂಡುಗಳನ್ನು ಅಂಟಿಸಿ ತುಂಬದಿದ್ದರೆ ಸ್ಕ್ರೂ ಬಿಗಿದಂತೆಲ್ಲ ಬಾಗಿಲು ಒಳಕ್ಕೆ ಕುಸಿಯುತ್ತದೆ. ಬಾಡಿಗೆ ಮನೆಯಾದರೆ ಸೊಳ್ಳೆಬಲೆಯ ಬಾಗಿಲಿಗೆ ಹಾಕುವ ಹಗುರ ಕಿಂಡಿಯೇ ಸಾಕು, ಮನೆಯ ಯಜಮಾನರ ಮರವನ್ನು ಮುಟ್ಟುವುದು ಬೇಡ.

ಬೆಕ್ಕುಗಳು ಕಲಿತ ಬಗೆ ಸಂತೋಷದ ಸಂಗತಿ. ಮೊದಲ ನಾಲ್ಕು ದಿನ ರೆಕ್ಕೆಯನ್ನು ಟೇಪಿನಿಂದ ಮೇಲೆತ್ತಿ ಕಟ್ಟಿ, ಆಚೆ ಬದಿಯಲ್ಲಿ ಬೂತಾಯಿ ಮೀನಿನ ತಲೆ ಇಟ್ಟೆವು. ಆಮೇಲೆ ಅರ್ಧ ಇಳಿಸಿದೆವು, ಕೊನೆಗೆ ಪೂರ್ತಿ. ಕರಿಯ ಐದನೆಯ ದಿನವೇ ತಲೆಯಿಂದ ತಳ್ಳಿ ದಾಟಿದ. ಪುಟ್ಟಿ ಮಾತ್ರ ಅಯಸ್ಕಾಂತ ಬಿಡುವಾಗ ಆಗುವ ‘ಟಕ್’ ಸದ್ದಿಗೆ ಹೆದರಿ ಹನ್ನೊಂದು ದಿನ ಸತಾಯಿಸಿದಳು. ಅವಳನ್ನು ಹಿಡಿದು ದೂಡಬಾರದೆಂಬ ಅಮ್ಮನ ಮಾತು ಸರಿಯಾಗಿತ್ತು; ಒಂದು ಸಂಜೆ ಕರಿಯನ ಬೆನ್ನಿಗೇ ಹೊರಟು ತಾನಾಗಿ ದಾಟಿದಳು.

ಮಳೆ ಮತ್ತು ಗಾಳಿಯ ಮುಂದೆ ಕಿಂಡಿಯ ದೌರ್ಬಲ್ಯಗಳು ಬಯಲಾದವು. ನಮ್ಮ ಹಿಂಬಾಗಿಲು ಪಶ್ಚಿಮಕ್ಕಿದೆ. ಜೂನ್ ಕೊನೆಯ ವಾರದ ಬಿರುಗಾಳಿಗೆ ಅಯಸ್ಕಾಂತದ ಹಿಡಿತ ಸಾಲದೆ ರೆಕ್ಕೆ ರಾತ್ರಿಯಿಡೀ ಬಡಿದುಕೊಂಡಿತು, ಬೆಳಗ್ಗೆ ಒಳಗಿನ ಮಣೆಯ ಸುತ್ತ ನೀರು ನಿಂತಿತ್ತು. ಬಾಗಿಲಿನ ಮೇಲೆ ಎರಡೂವರೆ ಅಡಿ ಮುಂಚಾಚಿದ ಶೀಟು ಹಾಕಿಸಿದ ಮೇಲೆ ನೀರು ಒಳಬರುವುದು ನಿಂತಿತು, ಬಡಿತ ಕಡಿಮೆಯಾಯಿತು, ಆದರೆ ಪೂರ್ತಿ ಹೋಗಲಿಲ್ಲ. ಪೂರ್ವಕ್ಕೆ ಅಥವಾ ಉತ್ತರಕ್ಕೆ ಬಾಗಿಲಿರುವವರು ಅಲ್ಲಿಯೇ ಹಾಕಿಸಲಿ. ಬ್ರಷ್ ಪಟ್ಟಿಯೂ ಸಮಾಧಾನಕರವಲ್ಲ. ಕತ್ತಲಲ್ಲಿ ಹೊರಗಿನಿಂದ ಟಾರ್ಚು ಹಾಕಿ ನೋಡಿದಾಗ ಕೆಳಗಿನ ಎರಡು ಮೂಲೆಗಳಲ್ಲಿ ಬೆಳಕು ಸೋರುತ್ತಿತ್ತು, ಅಂದರೆ ಸೊಳ್ಳೆಗೂ ದಾರಿಯಿತ್ತು. ಮಲೇರಿಯಾದ ಕಷ್ಟ ಕಂಡ ಮಂಗಳೂರಿನವರಿಗೆ ಇದು ಸಣ್ಣ ವಿಷಯವಲ್ಲ. ಆ ಮೂಲೆಗಳಿಗೆ ಕಿಟಕಿಗೆ ಹಾಕುವ ಬ್ರಷ್ ಪಟ್ಟಿಯ ತುಂಡುಗಳನ್ನು ಅಂಟಿಸಿ ಸರಿಪಡಿಸಿದ್ದೇವೆ. ಬಾಗಿಲ ಮುಂದಿನ ಕೆಂಪು ಮಣ್ಣು ಬೆಕ್ಕಿನ ಕಾಲಿನಿಂದ ಹೊಸ್ತಿಲಿಗೆ ಬಂದು ಕೂರುವುದರಿಂದ ಮಳೆಗಾಲದಲ್ಲಿ ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಒರೆಸಬೇಕು, ಇಲ್ಲವಾದರೆ ರೆಕ್ಕೆ ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ.

ಬೀಗದ ತಿರುಗಣೆಯ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಕರಾವಳಿಯ ಹಿತ್ತಲಿರುವ ಮನೆಯಲ್ಲಿ ರಾತ್ರಿ ಕಿಂಡಿ ಪೂರ್ತಿ ಬಂದ್ ಆಗಿರಲೇಬೇಕು. ಬೆಕ್ಕು ಹೋಗುವ ದಾರಿಯಲ್ಲಿ ಹೆಗ್ಗಣವೂ ಬರಬಲ್ಲದು, ಹೆಗ್ಗಣದ ಹಿಂದೆ ಹಾವೂ ಬರಬಲ್ಲದು. ಕಟ್ಟುಹಾವು ರಾತ್ರಿಯೇ ಸಂಚರಿಸುವ ಜೀವಿ, ಕಚ್ಚಿದ್ದು ಗೊತ್ತಾಗದಷ್ಟು ಅದರ ನೋವು ಕಡಿಮೆ, ವಿಷ ಮಾತ್ರ ಘೋರ. ನಾವು ಸಂಜೆ ಆರಕ್ಕೆ ತಿರುಗಣೆಯನ್ನು ‘ಒಳಗೆ ಮಾತ್ರ’ ಎಂಬಲ್ಲಿಗೆ ತಿರುಗಿಸುತ್ತೇವೆ, ಎರಡೂ ಬೆಕ್ಕುಗಳು ಊಟಕ್ಕೆ ಬಂದೊಡನೆ ಬಂದ್ ಮಾಡುತ್ತೇವೆ, ಬೆಳಗ್ಗೆ ಐದೂವರೆಗೆ ತೆರೆಯುತ್ತೇವೆ. ನಾಲ್ಕೂವರೆಯ ಕೆರೆತ ಒಂದು ತಿಂಗಳಲ್ಲಿ ತಾನಾಗಿ ನಿಂತಿತು. ಹಗಲಲ್ಲಿ ಹೊರಗೆ ಅಡ್ಡಾಡುವ ಬೆಕ್ಕುಗಳಾದ್ದರಿಂದ ಎರಡಕ್ಕೂ ವರ್ಷಕ್ಕೊಮ್ಮೆ ರೇಬಿಸ್ ಲಸಿಕೆ ತಪ್ಪಿಸುವುದಿಲ್ಲ, ಸಂತಾನಹರಣವೂ ಆಗಿದೆ. ಇವೆರಡನ್ನು ಮಾಡಿಸದೆ ಕಿಂಡಿ ಇಡಿಸುವುದನ್ನು ನಾನು ಒಪ್ಪುವುದಿಲ್ಲ.

ಕಳ್ಳರ ಭಯದ ಕುರಿತು ನೆಂಟರು ಕೇಳುತ್ತಾರೆ. ಕಿಂಡಿಯಲ್ಲಿ ಮನುಷ್ಯ ನುಸುಳಲಾರ, ಆದರೆ ಕೈ ತೂರಿಸಬಲ್ಲ. ನಮ್ಮ ಬಾಗಿಲಿನ ಕೆಳಗಿನ ಅಗುಳಿ ಕಿಂಡಿಯಿಂದ ಒಂದು ಗೇಣು ದೂರದಲ್ಲಿತ್ತು. ಅದನ್ನು ತೆಗೆಸಿ, ತೋಳು ಎಟುಕದ ಎತ್ತರದಲ್ಲಿ ಮತ್ತೊಂದು ಅಗುಳಿ ಹಾಕಿಸಿದ್ದೇವೆ. ಇದನ್ನೂ ಆಚಾರಿಯವರೇ ಹೇಳಿದರು, ಸೂಚನೆಯ ಕಾಗದದಲ್ಲಿ ಇದರ ಸುಳಿವೇ ಇರಲಿಲ್ಲ.

ವಸ್ತುವಿಗೆ ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ: ರೆಕ್ಕೆಗೂ ಬೀಗಕ್ಕೂ ಪೂರ್ಣ ಮನ್ನಣೆ, ಸ್ಕ್ರೂ, ಬ್ರಷ್ ಮತ್ತು ತಪ್ಪು ಅಳತೆಯ ಕಾಗದಕ್ಕಾಗಿ ಕಡಿತ. ಕೊಳ್ಳುವವರು ಕತ್ತರಿಸಿ ತೆಗೆದ ಹಲಗೆಯ ತುಂಡನ್ನು ಎಸೆಯದೆ ಒಣ ಜಾಗದಲ್ಲಿ ಇಟ್ಟುಕೊಳ್ಳಲಿ. ಮುಂದೆಂದಾದರೂ ಕಿಂಡಿ ಮುಚ್ಚಬೇಕಾದರೆ ಅದೇ ಮರ, ಅದೇ ಎಳೆ, ಅದೇ ಬಣ್ಣ ಬೇರೆಲ್ಲೂ ಸಿಗುವುದಿಲ್ಲ. ನಮ್ಮದನ್ನು ಆಚಾರಿಯವರು ಹಿಂಬದಿಯಲ್ಲಿ ಪೆನ್ಸಿಲಿನಿಂದ ಮೇಲು ಕೆಳಗು ಗುರುತು ಹಾಕಿ ಕೊಟ್ಟಿದ್ದಾರೆ, ಅಟ್ಟದ ಮೇಲಿದೆ.