ಜೆ.ಸಿ. ರೋಡಿನಲ್ಲಿ ಮಾಡಿಸುವ ಥ್ರಾಟಲ್ ಕೇಬಲ್: ರೋಟಾಕ್ಸ್ 912ಕ್ಕೆ ಆಗುತ್ತದೆಯೇ?

ಬೆಂಗಳೂರಿನ ವಾಹನ ಬಿಡಿಭಾಗಗಳ ಮಾರುಕಟ್ಟೆಯಾದ ಜೆ.ಸಿ. ರೋಡಿನ ಕೇಬಲ್ ಅಂಗಡಿಗಳಲ್ಲಿ ಅಳತೆ ಕೊಟ್ಟರೆ ಬೇಕಾದ ಉದ್ದಕ್ಕೆ ಕೇಬಲ್ ಮಾಡಿಕೊಡುತ್ತಾರೆ. ಸ್ವಂತವಾಗಿ ಕಟ್ಟಿದ ಲಘು ವಿಮಾನದಲ್ಲಿ ಥ್ರಾಟಲ್ ಲಿವರಿನ ಜಾಗ ಬದಲಿಸುವವರಿಗೆ ಇದು ದೊಡ್ಡ ಅನುಕೂಲ. ಉದ್ದ, ಹೊರಕವಚ, ಅಡ್ಜಸ್ಟರ್‌ಗಳ ಕೆಲಸ ಅಚ್ಚುಕಟ್ಟು. ಆದರೆ ತುದಿಯ ನಿಪ್ಪಲ್ಲನ್ನು (ಕೇಬಲ್ ಕಳಚದಂತೆ ಹಿಡಿಯುವ ಲೋಹದ ಗುಂಡು) ಪಕ್ಕದಲ್ಲೇ ನಿಂತು ಮಾಡಿಸಬೇಕು.

ಕಾರಣವಿದೆ. ಲಘು ವಿಮಾನಗಳ ಎಂಜಿನ್ನಾದ ರೋಟಾಕ್ಸ್ 912ರ ಎರಡು ಬಿಂಗ್ ಕಂಪನಿಯ ಕಾರ್ಬುರೇಟರ್‌ಗಳಲ್ಲಿ ಸ್ಪ್ರಿಂಗು ಥ್ರಾಟಲನ್ನು ತೆರೆಯುತ್ತದೆ, ಕೇಬಲ್ ಎಳೆದು ಮುಚ್ಚುತ್ತದೆ. ಬೈಕಿನಲ್ಲಿ ಇದು ಉಲ್ಟಾ. ಐಡಲ್‌ನಲ್ಲಿ ಒಂದು ಬದಿಯ ನಿಪ್ಪಲ್ ಕಿತ್ತುಬಂದರೆ ಆ ಕಾರ್ಬುರೇಟರ್ ಪೂರ್ತಿ ತೆರೆದುಕೊಳ್ಳುತ್ತದೆ, ಇನ್ನೊಂದು ಮುಚ್ಚಿಯೇ ಇರುತ್ತದೆ. ಎಂಜಿನ್ ಬಲವಾಗಿ ನಡುಗುತ್ತದೆ.

ಸ್ಟೇನ್‌ಲೆಸ್ ತಂತಿಗೆ ಮಾಮೂಲಿ ರೋಸಿನ್ ಫ್ಲಕ್ಸ್‌ನಿಂದ ಬೆಸುಗೆ ಹಿಡಿಯುವುದಿಲ್ಲ. ಮೇಲೆ ಹೊಳೆಯುತ್ತದೆ, ಒಳಗೆ ಎಳೆಗಳು ಒಣಗಿಯೇ ಇರುತ್ತವೆ. ಆಸಿಡ್ ಫ್ಲಕ್ಸ್ ಬಳಸಲು ಹೇಳಿ. ತಂತಿಯನ್ನು ನಿಪ್ಪಲ್ಲಿನೊಳಗೆ ತೂರಿಸಿ, ತುದಿಯ ಎಳೆಗಳನ್ನು ಹೂವಿನಂತೆ ಅರಳಿಸಿದ ಮೇಲೆಯೇ ಬೆಸುಗೆ ತುಂಬಿಸಬೇಕು. ನಂತರ ಬಿಸಿನೀರಿನಲ್ಲಿ ಚೆನ್ನಾಗಿ ತೊಳೆಯಬೇಕು, ಉಳಿದ ಆಸಿಡ್ ತಂತಿಯನ್ನು ತಿನ್ನುತ್ತದೆ. ಗ್ಯಾಸ್ ಟಾರ್ಚ್‌ನಿಂದ ಕೆಂಪಗೆ ಕಾಯಿಸಲು ಬಿಡಬೇಡಿ, ನಿಪ್ಪಲ್ಲಿನ ಬಾಯಿಯ ಬಳಿ ಎಳೆಗಳು ಶಕ್ತಿ ಕಳೆದುಕೊಂಡು ಅಲ್ಲೇ ತುಂಡಾಗುತ್ತವೆ. ಒಪ್ಪಿಕೊಳ್ಳುವ ಮೊದಲು 20 ಕೆ.ಜಿ. ತೂಕ ನೇತುಹಾಕಿ, ಬಾಯಿಯ ಬಳಿ ಮಾರ್ಕರ್‌ನಿಂದ ಗೆರೆ ಎಳೆದು ನೋಡಿ. ಗೆರೆ ಕೂದಲೆಳೆಯಷ್ಟು ಸರಿದರೂ ವಾಪಸ್ ಕೊಡಿ.

ಎರಡೂ ಕಾರ್ಬುರೇಟರ್‌ಗಳ ಕೇಬಲ್‌ಗಳನ್ನು ಒಂದೇ ಸುರುಳಿಯ ತಂತಿ ಮತ್ತು ಕವಚದಿಂದ, ಒಂದೇ ದಿನ ಮಾಡಿಸಿ. ಕವಚದ ಕುಗ್ಗುವಿಕೆ ಬೇರೆಬೇರೆಯಾದರೆ ಸಿಂಕ್ರೊನೈಸೇಷನ್ (ಎರಡೂ ಒಂದೇ ಸಮ ತೆರೆಯುವ ಹೊಂದಾಣಿಕೆ) ನಿಲ್ಲುವುದೇ ಇಲ್ಲ. ಟೆಫ್ಲಾನ್ ಲೈನರ್ ಇದ್ದರೆ ಎಣ್ಣೆ ಬೇಡ.

ಜೋಡಿಸುವಾಗ ಎರಡೂ ಕಾರ್ಬುರೇಟರ್‌ಗಳ ಲಿವರ್‌ಗಳು ಐಡಲ್ ಸ್ಟಾಪ್‌ಗೆ ಒಟ್ಟಿಗೆ ತಾಗಬೇಕು. ಕಾಕ್‌ಪಿಟ್‌ನ ಲಿವರಿಗೂ ಪ್ರತ್ಯೇಕ ಸ್ಟಾಪ್ ಹಾಕಿ, ಇಲ್ಲದಿದ್ದರೆ ಪೈಲಟ್ ಜೋರಾಗಿ ಎಳೆದಾಗ ಕಾರ್ಬುರೇಟರಿನ ಸ್ಟಾಪ್ ಬಾಗುತ್ತದೆ. ಆಮೇಲೆ ವ್ಯಾಕ್ಯೂಮ್ ಗೇಜ್ ಕಟ್ಟಿ ಐಡಲ್‌ನಲ್ಲೂ 2500 ಆರ್‌ಪಿಎಂನಲ್ಲೂ ಎರಡೂ ಕಡೆ ಸಮನಾಗಿದೆಯೇ ನೋಡಿ. ಐಡಲ್ 1400ಕ್ಕಿಂತ ಕೆಳಗಿಳಿಸಿದರೆ ಗೇರ್‌ಬಾಕ್ಸಿಗೆ ಪೆಟ್ಟು.

ಫೈರ್‌ವಾಲ್ (ಎಂಜಿನ್ ಮತ್ತು ಕಾಕ್‌ಪಿಟ್ ನಡುವಿನ ಬೆಂಕಿತಡೆ ಗೋಡೆ) ದಾಟುವ ಕಡೆಗೆ ಈ ಅಂಗಡಿಗಳ ರಬ್ಬರ್ ಗ್ರಾಮೆಟ್ ಕೊಳ್ಳಬೇಡಿ, ಕೇಬಲ್ ಹಾದುಹೋಗುವ, ತಿರುಗುವ ಗುಂಡಿರುವ ಉಕ್ಕಿನ ಐಬಾಲ್ ಫಿಟ್ಟಿಂಗನ್ನು ವಿಮಾನದ ಬಿಡಿಭಾಗ ಮಾರುವವರಿಂದಲೇ ತರಿಸಿ. ಕಾರ್ಖಾನೆಯಲ್ಲಿ ತಯಾರಾಗಿ ಪ್ರಮಾಣಪತ್ರ ಪಡೆದ ವಿಮಾನಕ್ಕಂತೂ ಜೆ.ಸಿ. ರೋಡಿನ ಕೇಬಲ್ ಹಾಕುವ ಮಾತೇ ಇಲ್ಲ.